ಟವಲಿನಡಿಯ ಬೆಲೆ

ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ದನಗಳ ಜಾತ್ರೆಗೆ ಅಪ್ಪನ ಜೊತೆ ಹೋದಾಗ ನನಗೆ ಸೋಜಿಗವೆನಿಸುತ್ತಿದ್ದದ್ದು ಎತ್ತುಗಳಲ್ಲ, ದಲ್ಲಾಳಿಗಳ ಟವಲು. ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಎತ್ತು ಸಾಕಿದವನು ಪಕ್ಕದಲ್ಲೇ ನಿಂತಿದ್ದರೂ, ಟವಲು ಸರಿದ ಮೇಲೆ ಅವರು ಹೇಳಿದ್ದೇ ಬೆಲೆ.

2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆ ಕೂಡಿ ಕೃಷಿ ಮಾರುಕಟ್ಟೆಗಳಿಗೆ ಆನ್‌ಲೈನ್ ಹರಾಜು ತಂದಿತು. ಮಧುಗಿರಿ, ಶಿರಾ, ಪಾವಗಡ ಸೀಮೆಯ ಕಡಲೆಕಾಯಿ ಬೆಳೆಗಾರನಿಗೆ ಇದು ಒಳ್ಳೆಯದೇ. ಲಾಟಿಗೆ ನಂಬರು ಬೀಳುತ್ತದೆ, ವರ್ತಕರು ಕಂಪ್ಯೂಟರಿನಲ್ಲಿ ಬೆಲೆ ಹಾಕುತ್ತಾರೆ, ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಆದರೆ ಬೆಲೆ ತೀರ್ಮಾನಿಸುವ ಯಂತ್ರದ ಒಳಗನ್ನು ಕಂಪನಿಯೊಂದು ಬೀಗ ಹಾಕಿಟ್ಟುಕೊಂಡರೆ, ಅದೂ ಟವಲೇ ಅಲ್ಲವೇ?

ಲಂಡನ್ ಷೇರುಪೇಟೆ 2007ರಲ್ಲಿ ಮೈಕ್ರೋಸಾಫ್ಟ್ ತಂತ್ರಾಂಶದ ಮೇಲೆ ಹೊಸ ವ್ಯವಸ್ಥೆ ಕಟ್ಟಿತ್ತು. 2008ರ ಸೆಪ್ಟೆಂಬರ್ 8ರಂದು ಅಲ್ಲಿ ಸುಮಾರು ಏಳು ಗಂಟೆ ವಹಿವಾಟು ನಿಂತಿತು. ತಪ್ಪು ಯಾವ ಪದರದ್ದೆಂಬ ಜಗಳ ನನಗೆ ಬೇಡ. ಮರುವರ್ಷ ಅದು ಶ್ರೀಲಂಕಾದ ಮಿಲೇನಿಯಂಐಟಿ ಕಂಪನಿಯನ್ನೇ ಕೊಂಡು, 2011ರಲ್ಲಿ ಲಿನಕ್ಸ್ ಮೇಲೆ ಓಡುವ ವ್ಯವಸ್ಥೆಗೆ ಬದಲಾಯಿತು.

ಲಿನಕ್ಸ್ ಎಂದರೆ ಯಾರು ಬೇಕಾದರೂ ಒಳಗನ್ನು ಓದಿ ತಿದ್ದಬಹುದಾದ ತಂತ್ರಾಂಶ. ಪುಕ್ಕಟೆ ಸಿಗುತ್ತದೆಂದು ಅದನ್ನು ಹೊಗಳುವವರ ಗುಂಪಿನಲ್ಲಿ ನಾನಿಲ್ಲ. ಅದೂ ಕೆಡುತ್ತದೆ, ಅದಕ್ಕೂ ಸಂಬಳ ಕೊಟ್ಟು ಜನ ಇಡಬೇಕು. ಕೆಳಗೆ ಲಿನಕ್ಸ್ ಹಾಕಿ, ಹರಾಜು ನಡೆಸುವ ಪ್ರೋಗ್ರಾಂ ಮುಚ್ಚಿಟ್ಟರಂತೂ ಟವಲು ಒಂದು ಮಡಿಕೆ ಮೇಲೇರಿತು, ಅಷ್ಟೆ. ನಾನು ಕೇಳುವುದು ಎರಡೂ ತೆರೆದಿರಲಿ ಎಂದು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಮಾಡಿದೆ. ಅದು ಕಾಗದದಿಂದ ಮಾರುಕಟ್ಟೆ ಅಂಗಳಕ್ಕೆ ಇಳಿಯಲಿ.

‘ರೈತ ಕೋಡ್ ಓದುತ್ತಾನೇನ್ರೀ?’ ಎಂದು ನಗುವವರಿದ್ದಾರೆ. ತಕ್ಕಡಿಯನ್ನೂ ಅವನು ಬಿಚ್ಚಿ ನೋಡುವುದಿಲ್ಲ. ಆದರೂ ಕಾನೂನು ಮಾಪನಶಾಸ್ತ್ರ ಇಲಾಖೆ ಅದನ್ನು ಪರೀಕ್ಷಿಸಿ ಮುದ್ರೆ ಹಾಕುತ್ತದೆ. ಒಂದು ಕೆ.ಜಿ. ಬಟ್ಟಿಗೆ ಇರುವ ಕಾವಲು ಇಡೀ ವರ್ಷದ ಬೆಳೆಗೆ ಬೆಲೆ ಹೇಳುವ ಯಂತ್ರಕ್ಕೆ ಏಕಿಲ್ಲ? ರೈತ ಓದದಿದ್ದರೆ ತುಮಕೂರಿನಲ್ಲಿ ಇಂಜಿನಿಯರಿಂಗ್ ಮಾಡುತ್ತಿರುವ ಅವನ ಮಗಳು ಓದುತ್ತಾಳೆ.

ಟವಲು ತೆಗೆಯಿರಿ. ಬೆರಳು ಕಾಣಲಿ.