ಹಿಡಿ ಮಣ್ಣು ಅಂತಿಗೊನೆಯದು, ಗುಡ್ಡೆ ಮಣ್ಣು ಯಾರದು?



ಅಂತಿಗೊನೆ ನಮ್ಮವಳು ಅಂತ ವೇದಿಕೆ ಮೇಲೆ ಹೇಳಿದರೆ ಚಪ್ಪಾಳೆ ಬೀಳುತ್ತೆ. ರಾಜಾಜ್ಞೆ ಮುರಿದವಳು, ಒಂಟಿ ಹೆಣ್ಣು, ಲೋಕದ ಮೊದಲ ಬಂಡಾಯಗಾರ್ತಿ. ನಾವೂ ಚಪ್ಪಾಳೆ ತಟ್ಟಿದವರೇ. ಈಗ ಆ ಚಪ್ಪಾಳೆಯಲ್ಲಿ ಅರ್ಧವನ್ನು ವಾಪಸು ಕೇಳಬೇಕಾಗಿದೆ.

ಸೊಫೊಕ್ಲಿಸ್ ಈ ನಾಟಕ ಬರೆದದ್ದು ಕ್ರಿಸ್ತಪೂರ್ವ 441ರ ಸುಮಾರಿನಲ್ಲಿ. ಅದನ್ನು ಈಡಿಪಸ್ ಜೊತೆಗೆ ಕನ್ನಡಕ್ಕೆ ತಂದವರು ಲಂಕೇಶ್. ಕಥೆ ಇಷ್ಟು: ಅಣ್ಣತಮ್ಮಂದಿರಿಬ್ಬರು ಥೀಬ್ಸ್ ಪಟ್ಟಕ್ಕಾಗಿ ಕಾದಾಡಿ ಸತ್ತರು. ಪಟ್ಟವೇರಿದ ಸೋದರಮಾವ ಕ್ರಿಯಾನ್ ಒಬ್ಬನಿಗೆ ಮರ್ಯಾದೆಯ ಮಣ್ಣು ಕೊಟ್ಟ. ಊರ ಮೇಲೆ ದಂಡೆತ್ತಿ ಬಂದ ಪಾಲಿನೈಸಿಸನ ಹೆಣ ನಾಯಿ ಹದ್ದಿನ ಪಾಲಾಗಲಿ, ಮುಟ್ಟಿದವರಿಗೆ ಸಾವು ಅಂತ ಸಾರಿಸಿದ. ತಂಗಿ ಅಂತಿಗೊನೆ ಹೋಗಿ ಮಣ್ಣು ಉದುರಿಸಿದಳು. ಸಿಕ್ಕಿಬಿದ್ದಳು. ಕಲ್ಲುಗವಿಯೊಳಗೆ ಜೀವಂತ ಮುಚ್ಚಿದರು. ಅಲ್ಲೇ ನೇಣು ಹಾಕಿಕೊಂಡಳು.

ಪದವಿ ತರಗತಿಯಲ್ಲಿ ಇದನ್ನು ಓದಿಕೊಂಡು ನಿಡಘಟ್ಟಕ್ಕೆ ಬಂದು, ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದ ಅವ್ವನಿಗೆ ಹೇಳಿದೆವು. ಅವ್ವ ಪೂರ್ತಿ ಕೇಳಿದಳು. ಆಮೇಲೆ ಅಂದಳು: "ಅವ್ಳು ಎಲ್ಡು ಹಿಡಿ ಮಣ್ಣಾಕುದ್ಲು, ಸರಿ. ಆಮ್ಯಾಕೆ ಆ ಹೆಣವ ಮಣ್ ಮಾಡ್ದೋರ್ಯಾರ್ಲಾ ಮಗ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರೋಲ್ಲ.

ಅವ್ವ ಸುಮ್ಮನೆ ಕೇಳಿದ್ದಲ್ಲ. ನಮ್ಮ ತಾತ ಗುಂಡಿ ತೆಗೆದವನು. ಮೇಲುಕೇರಿಯಲ್ಲಿ ಒಂದು ಜೀವ ಹೋದರೆ ನೆಂಟರ ಊರುಗಳಿಗೆ ಸಾವಿನ ಸುದ್ದಿ ಒಯ್ಯಬೇಕು, ಸೌದೆ ಹೊರಬೇಕು, ತಮಟೆ ಬಡೀಬೇಕು, ಗುಂಡಿ ತೋಡಬೇಕು. ತೋಟಿ ತಳವಾರಿಕೆಯ ವಂಶಪಾರಂಪರ್ಯವನ್ನು 1961ರ ಕಾಯಿದೆ ರದ್ದು ಮಾಡಿತು. ಗುದ್ದಲಿ ಮಾತ್ರ ತಾತನ ಹೆಗಲಿಂದ ಇಳಿಯಲಿಲ್ಲ.

ಮತ್ತೆ ಪುಸ್ತಕ ಬಿಚ್ಚಿದೆವು. ಉತ್ತರ ಅಲ್ಲೇ ಇದೆ, ನಾಟಕದ ಕೊನೆಯಲ್ಲಿ. ಕ್ರಿಯಾನ್‌ಗೆ ಬುದ್ಧಿ ಬಂದಾಗ ಆಳುಗಳ ಜೊತೆ ಓಡುತ್ತಾನೆ. ಅಲ್ಲಿ ಏನಾಯಿತು ಅಂತ ಬಂದು ಹೇಳುವವನು ಒಬ್ಬ ದೂತ, ಅವನೂ ಸೇವಕನೇ. ನಾಯಿ ಕಚ್ಚಿ ಹರಿದ ಆ ದೇಹವನ್ನು ತೊಳೆದು, ಹಸಿ ಕೊಂಬೆ ಕಡಿದು ತಂದು ಸುಟ್ಟು, ಮಣ್ಣಿನ ಗುಡ್ಡೆ ಎತ್ತರಕ್ಕೆ ಏರಿಸಿದೆವು ಅನ್ನುತ್ತಾನೆ. ಗಮನಿಸಿ, 'ನಾವು' ಅನ್ನುತ್ತಾನೆ. ಆ 'ನಾವು' ಒಳಗಿನ ಆಳು ಒಬ್ಬನಿಗೂ ನಾಟಕ ಹೆಸರು ಕೊಟ್ಟಿಲ್ಲ. ಹೆಣ ತೊಳೆದ ಕೈ ಯಾರದು ಅಂತ ನಮಗೆ ಪಾಠ ಹೇಳಿದವರೂ ಕೇಳಲಿಲ್ಲ.

ಈಗ ಅಂತಿಗೊನೆಯ ಮಾತಿಗೆ ಬರೋಣ. ಕ್ರಿಯಾನ್ ಎದುರು ನಿಂತು ಎದೆಗಾರಿಕೆಯಿಂದ ವಾದ ಮಾಡುವಾಗ ಅವಳು ಒಂದು ಕಡೆ ಹೇಳುತ್ತಾಳೆ: ಸತ್ತಿರುವವನು ಗುಲಾಮನೇನೂ ಅಲ್ಲ, ತನ್ನ ಒಡಹುಟ್ಟು. ಓದಿ ನಮಗೆ ಮೈ ತಣ್ಣಗಾಯಿತು. ಗುಲಾಮನಾಗಿದ್ದರೆ? ಹದ್ದು ತಿನ್ನಲಿ ಅಂತ ಅವಳು ಹೇಳಿಲ್ಲ, ನಿಜ. ಹೇಳುವ ಅಗತ್ಯವೂ ಇರಲಿಲ್ಲ, ಕೇಳಿಸಿಕೊಳ್ಳುವವರಿಗೆಲ್ಲ ಗೊತ್ತಿತ್ತು. ಸತ್ತವರಿಗೆಲ್ಲ ಒಂದೇ ಧರ್ಮ ಅನ್ನುವ ಅದೇ ಬಾಯಲ್ಲೇ ಈ ಮಾತೂ ಬರುತ್ತದೆ. ಅವಳ ಧೈರ್ಯ ಸುಳ್ಳಲ್ಲ. ಆ ಧೈರ್ಯ ಕಾಲಿಟ್ಟು ನಿಂತಿರುವ ಜಾಗ ನಮ್ಮ ಬೆನ್ನು.

ಮುಂದೆ ಅವಳು, ಗಂಡನಿಗೋ ಮಗುವಿಗೋ ಆಗಿದ್ದರೆ ಆಜ್ಞೆ ಮುರಿಯುತ್ತಿರಲಿಲ್ಲ, ಅವರು ಇನ್ನೊಬ್ಬರು ಸಿಗಬಹುದು, ಅಪ್ಪ ಅಮ್ಮ ಸತ್ತ ಮೇಲೆ ಅಣ್ಣ ಸಿಗೋಲ್ಲ ಅನ್ನುತ್ತಾಳೆ. ಜರ್ಮನ್ ಮಹಾಕವಿ ಗಯಟೆಗೆ ಈ ಮಾತು ಇರಿಸುಮುರಿಸಾಗಿ, ಯಾರಾದರೂ ಪಂಡಿತರು ಇದು ಪ್ರಕ್ಷಿಪ್ತ ಅಂತ ಸಾಬೀತು ಮಾಡಬಾರದೇ ಅಂದಿದ್ದ. ನಮಗೆ ಆ ಮಾತಿನಿಂದ ತೊಂದರೆ ಇಲ್ಲ. ಸಾವಿನ ಬಾಗಿಲಲ್ಲಿ ಹೆದರಿದ ಹುಡುಗಿ, ಮದುವೆ ಕಾಣದೆ ಹೋಗುತ್ತಿದ್ದೇನಲ್ಲ ಅಂತ ಅಳುವವಳು, ಏನೋ ಒಂದು ಲೆಕ್ಕ ಹಾಕಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಅಲ್ಲಿ ಅವಳು ನಮಗೆ ಹತ್ತಿರ. ಆದರೆ ಸ್ವಾಮಿ, ಕಿತ್ತು ಹಾಕಬೇಕು ಅನ್ನಿಸಿದ ಮಾತು ಅದೊಂದೇನಾ? 'ಗುಲಾಮನಲ್ಲ' ಅನ್ನುವುದು ಅನ್ನದಲ್ಲಿ ಕಲ್ಲಾಗಿ ಸಿಗಲಿಲ್ಲವಾ?

(ತಂಗಿ ಇಸ್ಮೆನೆ ನಾನೂ ಸಾಯುತ್ತೇನೆ ಅಂತ ಬಂದಾಗ ಅಂತಿಗೊನೆ ಅವಳನ್ನು ಆಚೆ ತಳ್ಳುತ್ತಾಳೆ. ಜೈಲು ನೋಡಿ ಬಂದ ನಮ್ಮ ಕೆಲವು ಗೆಳೆಯರೂ ನೋಡದವರನ್ನು ಹೀಗೇ ಮಾತಾಡಿಸುತ್ತಾರೆ.)

ಕುಟುಂಬಧರ್ಮ ಒಂದು ಕಡೆ, ರಾಜಧರ್ಮ ಒಂದು ಕಡೆ, ಎರಡೂ ಸರಿ, ಅದೇ ದುರಂತ. ಇದು ಹೆಗೆಲ್ ಹೇಳಿದ್ದು, ನಮ್ಮ ನೋಟ್ಸಿಗೂ ಇಳಿದದ್ದು. ಎರಡೂ ಅರಮನೆಯ ಧರ್ಮ. ಹೊರಗೆ ಹೆಣದ ನಾತ ತಡೆಯಲಾರದೆ ಗಾಳಿಯ ಮೇಲುದಿಕ್ಕಿಗೆ ಗುಡ್ಡದ ಮೇಲೆ ಕೂತ ಕಾವಲಿನವರು ಯಾವ ಧರ್ಮಕ್ಕೆ ಸೇರಿದವರು? ಹೆಣದ ಮೇಲೆ ಮಣ್ಣು ಬಿದ್ದ ಸುದ್ದಿಯನ್ನು ದೊರೆಗೆ ಮುಟ್ಟಿಸುವುದು ಯಾರು ಅಂತ ಅವರು ಚೀಟಿ ಎತ್ತುತ್ತಾರೆ. ಹೋದವನನ್ನು ದೊರೆ ಜೀವಂತ ನೇತು ಹಾಕುವ ಬೆದರಿಕೆ ಹಾಕುತ್ತಾನೆ. ಅವನು ತಡವರಿಸುವುದನ್ನು ನಮಗೆ ಹಾಸ್ಯ ಅಂತ ಪಾಠ ಮಾಡಿದರು. ತರಗತಿ ನಕ್ಕಿತು. ಗೌಡರ ಜಗುಲಿ ಕೆಳಗೆ ನಿಂತು ತಾತ ತಡವರಿಸಿದ್ದನ್ನು ನೋಡಿದ್ದ ನಮಗೆ ನಗು ಬರಲಿಲ್ಲ.

ಹಾಗಾದರೆ ಅಂತಿಗೊನೆಯನ್ನು ಬಿಟ್ಟುಬಿಡೋಣವೇ? ಬೇಡ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಈ ನಾಟಕ ಆಡಿದರು, ಮಂಡೇಲಾ ಕ್ರಿಯಾನ್ ಪಾತ್ರ ಮಾಡಿದ್ದರು. 1973ರಲ್ಲಿ ಫುಗಾರ್ಡ್, ಕಾನಿ, ಎನ್ಶೋನಾ ಸೇರಿ ಕಟ್ಟಿದ 'ದಿ ಐಲೆಂಡ್' ನಾಟಕದಲ್ಲಿ ಕೈದಿಯೊಬ್ಬ ಅವಳ ವೇಷ ಹಾಕಲು ನಾಚಿ ಜಗಳವಾಡಿ, ಕೊನೆಗೆ ಹಾಕುತ್ತಾನೆ. ಅವಳು 'ಅಲ್ಲ' ಅಂದ ಗುಲಾಮನೇ ಅವಳ ಸೀರೆ ಉಟ್ಟ.

ನಮ್ಮ ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿದರು. ಅದಕ್ಕೆ ಸತ್ಯಾಗ್ರಹ ಸೌಧ ಎದ್ದಿದೆ, ಏಳಲಿ. ಹೆಣ ಮಣ್ಣು ಮಾಡಲು ಆರಡಿ ಮೂರಡಿ ಕೇಳಿದವರಿಗೆ? ಸ್ಮಶಾನವಿಲ್ಲದ ಊರುಗಳಿಗೆ ಜಾಗ ಕೊಡಿ ಅಂತ 2019ರಲ್ಲಿ ಹೈಕೋರ್ಟು ಸರ್ಕಾರಕ್ಕೆ ಹೇಳಬೇಕಾಯಿತು. ನಿಡಘಟ್ಟದ ಮೇಲೆ ಹಾದ ದಶಪಥ 2023ರಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಎಷ್ಟು ಎಕರೆ ಬೇಕೋ ಅಷ್ಟೂ ಸಿಕ್ಕಿತು. ಹಳ್ಳದ ದಂಡೆಯಲ್ಲಿ, ಕೆರೆಯಂಗಳದಲ್ಲಿ ಹೂತು, ಮಳೆ ಬಂದರೆ ಮೂಳೆ ತೇಲೀತು ಅಂತ ಹೆದರುವ ಕೇರಿಗಳು ಈಗಲೂ ಇವೆ.

ಅಂತಿಗೊನೆ ಆಡುವವರು ನಮ್ಮ ಕೇರಿಯಲ್ಲಿ ಆಡಲಿ. ಸೀನರಿ ಬೇಡ, ಕುರುಕ್ಷೇತ್ರಕ್ಕೆ ಕಟ್ಟಿದಂಥ ಝಗಝಗ ಲೈಟು ಬೇಡ. ಗುಲಾಮನಲ್ಲ ಅನ್ನುವ ಮಾತನ್ನು ತೆಗೆಯಬೇಡಿ, ಗಟ್ಟಿಯಾಗಿ ಹೇಳಿಸಿ. ಹೇಳಿಸಿ ಒಂದು ಗಳಿಗೆ ನಿಲ್ಲಿಸಿ. ಅವ್ವನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತೇವೆ.