ಅತಿಶಯೋಕ್ತಿಯೂ ಸತ್ಯಾಣುವ್ರತವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನು ಒಳಗೊಂಡ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ 2023ರ ಮೇ ತಿಂಗಳಲ್ಲಿ ಘೋಷಿತವಾದ ಗೆಲುವಿನ ಅಂತರ 201 ಮತಗಳು. ಇಡೀ ಕ್ಷೇತ್ರ ತನ್ನದೆನ್ನುವ ಅಧಿಕಾರ ಯಾವ ಪಕ್ಷಕ್ಕೂ ಇಲ್ಲವೆಂಬುದಕ್ಕೆ ಈ ಒಂದು ಅಂಕಿ ಸಾಕು. ಆದರೂ ಇಲ್ಲಿನ ವೇದಿಕೆಗಳಲ್ಲಿ ‘ಸಮಸ್ತ ಮಲೆನಾಡಿನ ಜನತೆ’ ಸದಾ ಭಾಷಣಕಾರನ ಬೆನ್ನಿಗೇ ನಿಂತಿರುತ್ತದೆ.

ಇದು ಕೇವಲ ಅಲಂಕಾರ, ಕೇಳುವವರಿಗೆ ಅದರ ಬೆಲೆ ಗೊತ್ತು ಎಂಬ ಸಮಾಧಾನವುಂಟು. ನಮ್ಮ ಆಚಾರ್ಯರು ಅಲಂಕಾರದ ವೈರಿಗಳಾಗಿರಲಿಲ್ಲ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರವು ಸತ್ಯವನ್ನು ಹತ್ತು ಬಗೆಯಾಗಿ ವಿಂಗಡಿಸಿ, ಉಪಮಾಸತ್ಯಕ್ಕೂ ಸಂಭಾವನಾಸತ್ಯಕ್ಕೂ ಸ್ಥಾನ ಕೊಟ್ಟಿದೆ. ಇಂದ್ರನು ಜಂಬೂದ್ವೀಪವನ್ನೇ ಮಗುಚಬಲ್ಲನೆಂಬುದು ಸಂಭಾವನಾಸತ್ಯಕ್ಕೆ ದೃಷ್ಟಾಂತ. ಅಲ್ಲಿ ಹೇಳಿರುವುದು ಸಾಮರ್ಥ್ಯವನ್ನು. ದ್ವೀಪ ಮಗುಚಿತೆಂದು ಯಾರೂ ಗಂಟುಮೂಟೆ ಕಟ್ಟುವುದಿಲ್ಲ. ಪಲ್ಯೋಪಮವೂ ಉಪಮೆಯೇ. ಆದರೆ ಆ ಹಳ್ಳದ ಅಳತೆಯೇನು, ಅದರಲ್ಲಿ ತುಂಬಿದ ರೋಮ ಎಷ್ಟು ಸೂಕ್ಷ್ಮ ಎಂಬುದನ್ನೆಲ್ಲ ಹೇಳಿಯೇ ಮುಂದುವರಿಯುತ್ತಾರೆ. ಕೇಳುವವನು ಮೋಸಹೋಗದಂತೆ ವಹಿಸಿದ ಈ ಎಚ್ಚರವೇ ಇಂದಿನ ವೇದಿಕೆಗಳಲ್ಲಿ ಕಾಣದಿರುವುದು.

ಕಸ್ತೂರಿರಂಗನ್ ವರದಿಯ ಪ್ರಸಂಗವನ್ನು ನೋಡಬಹುದು. 2014ರ ಮೊದಲ ಕರಡು ಅಧಿಸೂಚನೆಯಿಂದ 2024ರ ಜುಲೈ 31ರ ಆರನೆಯ ಕರಡಿನವರೆಗೆ ಈ ಮೂರು ತಾಲ್ಲೂಕುಗಳಲ್ಲಿ ಮೊಳಗಿದ ಮಾತು ಒಂದೇ: ‘ಮಲೆನಾಡನ್ನೇ ಖಾಲಿ ಮಾಡಿಸುತ್ತಾರೆ’. ಕರಡು ನಿಷೇಧಿಸಹೊರಟದ್ದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ ಹಾಗೂ 20,000 ಚದರ ಮೀಟರಿಗೂ ಮಿಕ್ಕ ಕಟ್ಟಡಗಳನ್ನು. ಇರುವ ವಾಸದ ಮನೆಗಳ ದುರಸ್ತಿಗೆ, ವಿಸ್ತರಣೆಗೆ ಅಡ್ಡಿಯಿಲ್ಲವೆಂದೂ ಹೇಳಿತ್ತು. ಹಳ್ಳಿಗಳನ್ನು ಎತ್ತಂಗಡಿ ಮಾಡುವ ಆದೇಶ ಅದರಲ್ಲಿರಲಿಲ್ಲ.

ಹಾಗೆಂದು ಜನರ ಆಕ್ಷೇಪಣೆಗಳು ಪೊಳ್ಳಾಗಿರಲಿಲ್ಲ. ಒಂದು ಗ್ರಾಮದ ಶೇಕಡಾ 20ರಷ್ಟು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವೇ ಪಟ್ಟಿಗೆ ಸೇರುವ ಕ್ರಮ ನ್ಯಾಯವೇ? ಉಪಗ್ರಹದ ಚಿತ್ರ ಅಡಿಕೆ ತೋಟವನ್ನೂ ಕಾಫಿಯ ನೆರಳುಮರಗಳನ್ನೂ ಕಾಡಿನಿಂದ ಸರಿಯಾಗಿ ಬೇರ್ಪಡಿಸಬಲ್ಲದೇ? ಗ್ರಾಮಸಭೆಯಲ್ಲಿ ಕೂತು ಸರ್ವೆ ನಂಬರು ಹಿಡಿದು ವಾದಿಸಬೇಕಾದ ಪ್ರಶ್ನೆಗಳಿವು. ಎತ್ತಂಗಡಿಯ ಕೂಗಿನಲ್ಲಿ ಇವು ಕೇಳಿಸದೇ ಹೋದವು. ಎದುರು ಬಣದವರೂ ಕಡಿಮೆಯಿಲ್ಲ: ಅವರ ಬಾಯಲ್ಲಿ ತುಂಡು ಭೂಮಿಯ ಬೆಳೆಗಾರನೂ ‘ಪಶ್ಚಿಮಘಟ್ಟದ ಕೊಲೆಗಾರ’. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿದಾಗಲೂ ಕರಡನ್ನು ಓದಿದವರಿಗಿಂತ ಘೋಷಣೆ ಕೇಳಿದವರೇ ಹೆಚ್ಚಿದ್ದರು.

ಎತ್ತಂಗಡಿ ಎಂಬುದು ಈ ಸೀಮೆಯಲ್ಲಿ ಹಗುರವಾಗಿ ಬಳಸುವ ಮಾತಲ್ಲ. ಭದ್ರಾ ಜಲಾಶಯದ ಹಿನ್ನೀರಿಗೆ ನೆಲ ಬಿಟ್ಟುಕೊಟ್ಟವರು ನರಸಿಂಹರಾಜಪುರದ ಕಡೆಯವರು. ಭದ್ರಾ ಅಭಯಾರಣ್ಯದ ಹಳ್ಳಿಗಳು 2002ರ ಸುಮಾರಿಗೆ ನಿಜವಾಗಿಯೂ ಜಾಗ ಬದಲಿಸಿದವು. ಆ ನೆನಪುಳ್ಳ ಮನೆಯಲ್ಲಿ ಭಾಷಣದ ಮಾತು ಉಪಮೆಯಾಗಿ ಇಳಿಯದು, ಸುದ್ದಿಯಾಗಿಯೇ ಇಳಿಯುತ್ತದೆ. ಹಳದಿ ಎಲೆ ರೋಗದಿಂದ ಮೊದಲೇ ನಲುಗಿದ ತೋಟಗಾರ ಇನ್ನು ಸಸಿ ನೆಟ್ಟು ಫಲವೇನೆಂದು ಕೈಚೆಲ್ಲಿದರೆ, ಆ ನಷ್ಟ ಅಲಂಕಾರದ ಲೆಕ್ಕಕ್ಕೆ ಹೋಗುವುದೇ? ಪರರಿಗೆ ವಿಪತ್ತು ತರುವುದಾದರೆ ನಿಜವನ್ನೂ ಆಡಬಾರದೆಂದು ಸಮಂತಭದ್ರಾಚಾರ್ಯರು ಸತ್ಯಾಣುವ್ರತಿಗೆ ವಿಧಿಸಿದ್ದಾರೆ. ಹೀಗಿರುವಾಗ ಉತ್ಪ್ರೇಕ್ಷೆಗೆ ರಿಯಾಯಿತಿ ಎಲ್ಲಿಂದ ಬರಬೇಕು? ಸ್ಥೂಲವಾದ ಅಸತ್ಯವನ್ನು ತಾನು ನುಡಿಯದಿರುವುದಷ್ಟೇ ಅಲ್ಲ, ಪರರಿಂದ ನುಡಿಸದಿರುವುದೂ ಆ ವ್ರತದ ಲಕ್ಷಣ.

ಬಸದಿಗಳ ಟ್ರಸ್ಟುಗಳಿಗೆ ಈ ಕೊನೆಯ ಮಾತು ನೇರವಾಗಿ ತಟ್ಟಬೇಕು. ಸಭಾಮಂಟಪ, ಧ್ವನಿವರ್ಧಕ, ಫಲತಾಂಬೂಲ ಎಲ್ಲವನ್ನೂ ಒದಗಿಸಿ, ಅಭ್ಯಾಗತರು ಆಡಿದ್ದು ಅವರ ಹೊಣೆಯೆಂದು ಕೈತೊಳೆದುಕೊಳ್ಳುವುದು ವ್ರತಕ್ಕೆ ಒಪ್ಪದು. ರಥೋತ್ಸವಕ್ಕೆ ಕೂಡಿದ ಸಾವಿರ ಜನರನ್ನು ವರದಿಯಲ್ಲಿ ‘ಲಕ್ಷಾಂತರ ಭಕ್ತರು’ ಎಂದು ಬರೆದುಕೊಳ್ಳುವ ಸಮಿತಿಗಳಿಗೆ ರಾಜಕಾರಣಿಯನ್ನು ಪ್ರಶ್ನಿಸುವ ಬಾಯಿಯೂ ಇರುವುದಿಲ್ಲ. ಮೊದಲು ಆ ವರದಿ ತಿದ್ದಲಿ. ಅನಂತರ, ಮಲೆನಾಡಿನ ಅಳಿವು ಉಳಿವಿನ ಬಗ್ಗೆ ಮಾತನಾಡಲು ಬರುವವರು ಅಧಿಸೂಚನೆಯ ಕನ್ನಡ ಪ್ರತಿಯೊಂದನ್ನು ಜೊತೆಗೆ ತರಬೇಕೆಂದು ಆಮಂತ್ರಣದಲ್ಲೇ ಕೇಳಲಿ. ಪ್ರತಿಯಿಲ್ಲದೆ ಬಂದವರಿಗೆ ಪ್ರಸಾದ ಸಲ್ಲಲಿ, ಧ್ವನಿವರ್ಧಕ ಬೇಡ.