ಕಾವಲು ದೇವರ ಪೂಜಾರಿಗಳು

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ನಮ್ಮ ಕಡೆಯ ಮಾತು. ಹೆಲ್ಮ್ ಎಂಬ ದೇವರ ಪೂಜಾರಿಗಳ ಪಾಡು ಇದಕ್ಕೆ ತಿರುಗುಮುರುಗು. ಅಲ್ಲಿ ಕೆಲಸ ಕೆಡಿಸಿದವನು ದೇವರು, ಬೈಸಿಕೊಂಡವರು ಪೂಜಾರಿಗಳು.

ಹೆಲ್ಮ್‌ನನ್ನು ಯಾವ ಪುರಾಣದಲ್ಲೂ ಹುಡುಕಬೇಡಿ. ಅವನಿರುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಹೊರಬಂದದ್ದು 1974ರಲ್ಲಿ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬರು ಕತೆ ನಡೆಸಿದರೆ ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಕತೆ ಕಟ್ಟುತ್ತಾರೆ. ಯೋಧ, ಮಾಂತ್ರಿಕರ ಜೊತೆಗೆ ಪೂಜಾರಿಯ ಪಾತ್ರವೂ ಮೊದಲಿನಿಂದಲೇ ಉಂಟು. (ಮೆಚ್ಚುಗೆಯೆಲ್ಲ ಕತ್ತಿ ಹಿಡಿದವನಿಗೆ, ಗಾಯ ವಾಸಿ ಮಾಡುವ ಚಾಕರಿ ಪೂಜಾರಿಗೆ.) ಕೆನಡಾದ ಎಡ್ ಗ್ರೀನ್‌ವುಡ್ ಹುಡುಗನಾಗಿದ್ದಾಗಲೇ ಕಲ್ಪಿಸತೊಡಗಿದ ‘ಫರ್ಗಾಟನ್ ರೆಲ್ಮ್ಸ್’ ಎಂಬ ಲೋಕ 1987ರಲ್ಲಿ ಈ ಆಟದ ಭಾಗವಾಗಿ ಅಚ್ಚಾಯಿತು. ಹೆಲ್ಮ್ ಆ ಲೋಕದ ಕಾವಲು ದೇವರು. ಉಕ್ಕಿನ ಕೈಗವಸು, ಅದರ ಮೇಲೊಂದು ತೆರೆದ ಕಣ್ಣು ಅವನ ಗುರುತು.

1989ರ ಕಾದಂಬರಿಗಳಲ್ಲಿ ಅವನ ಕತೆ ಬಿಗಡಾಯಿಸಿತು. ವಿಧಿಫಲಕಗಳು ಕಳುವಾದವೆಂದು ದೇವರುಗಳಿಗೂ ಮೇಲಿನ ಒಡೆಯ ಸಿಟ್ಟಾಗಿ ಎಲ್ಲ ದೇವರುಗಳನ್ನೂ ನೆಲಕ್ಕೆ ತಳ್ಳುತ್ತಾನೆ. ಹೆಲ್ಮ್‌ನ ಶಕ್ತಿಯನ್ನು ಮಾತ್ರ ಉಳಿಸಿ, ಸ್ವರ್ಗದ ಮೆಟ್ಟಿಲು ಕಾಯಲು ನಿಲ್ಲಿಸುತ್ತಾನೆ. ಫಲಕಗಳಿಲ್ಲದೆ ಯಾರನ್ನೂ ಮೇಲೆ ಬಿಡಬಾರದು ಎಂಬುದು ಅಪ್ಪಣೆ. ಮಾಯಾವಿದ್ಯೆಯ ದೇವತೆ ಮಿಸ್ಟ್ರಾ ಬರಿಗೈಯಲ್ಲಿ ಬರುತ್ತಾಳೆ. ಕದ್ದವರು ಯಾರೆಂದು ತನಗೆ ಗೊತ್ತು, ಒಡೆಯನಿಗೆ ಹೇಳಬೇಕು, ದಾರಿ ಬಿಡು ಅನ್ನುತ್ತಾಳೆ. ಅವನು ಬಿಡುವುದಿಲ್ಲ. ಅವಳು ನುಗ್ಗುತ್ತಾಳೆ, ಅವನು ಕೊಲ್ಲುತ್ತಾನೆ. ಅವಳ ಸಾವಿನಿಂದ ಲೋಕದ ಮಂತ್ರವಿದ್ಯೆಯೆಲ್ಲ ಹದಗೆಡುತ್ತದೆ.

ಅಪ್ಪಣೆ ಮೀರಲಿಲ್ಲ, ಲಂಚ ತಿನ್ನಲಿಲ್ಲ, ನಿದ್ದೆ ಹೋಗಲಿಲ್ಲ. ಆದರೂ ಜನ ಅವನ ಗುಡಿಗಳಿಗೆ ಬೆನ್ನು ಹಾಕಿದರು. ಡಗ್ಲಸ್ ನೈಲ್ಸ್ 1990–91ರಲ್ಲಿ ಬರೆದ ಮಾಜ್ಟಿಕಾ ಕಾದಂಬರಿಗಳಲ್ಲಿ ಪೂಜಾರಿಗಳ ಹೆಸರು ಇನ್ನಷ್ಟು ಕೆಟ್ಟಿತು. ಅಲ್ಲಿ ಕಾರ್ಡೆಲ್ ಎಂಬ ದಂಡನಾಯಕ ಚಿನ್ನದ ಆಸೆಗೆ ಕಡಲು ದಾಟಿ ಹೊಸ ನಾಡಿಗೆ ನುಗ್ಗುತ್ತಾನೆ, ಅವನ ಸೈನ್ಯದ ಜೊತೆ ಹೆಲ್ಮ್‌ನ ಪೂಜಾರಿಗಳು ಹೋಗುತ್ತಾರೆ. 1519ರಲ್ಲಿ ಕೊರ್ಟೆಸ್ ಮೆಕ್ಸಿಕೋಗೆ ಕಾಲಿಟ್ಟ ಕತೆಗೆ ಹೊಸ ಬಟ್ಟೆ ತೊಡಿಸಿದ್ದು ಎದ್ದು ಕಾಣುತ್ತದೆ. ಕಾಯುವ ದೇವರ ಹೆಸರಲ್ಲಿ ಕೊಳ್ಳೆ ಹೊಡೆಯಲು ಹೋದವರನ್ನು ಆಟದ ಕರ್ತೃಗಳು ಮುಚ್ಚಿಡಲಿಲ್ಲ. ಆಮೇಲೆ ಬಂದ ನಿಯಮದ ಪುಸ್ತಕಗಳಲ್ಲೂ ಆ ಕಳಂಕ ದಾಖಲಾಗಿದೆ. ಈ ಧೈರ್ಯ ನನಗೆ ಹಿಡಿಸಿತು. ನಮ್ಮ ಕತೆ, ಸಿನಿಮಾಗಳಲ್ಲಿ ಪೂಜಾರಿ ಒಂದೋ ಸಾಧು, ಇಲ್ಲವೇ ಠಕ್ಕ. ನಿಷ್ಠೆಯಿಂದಲೇ ಕೆಟ್ಟವನು ಅಪರೂಪ.

ಹೆಲ್ಮ್‌ನ ಪೂಜಾರಿ ಪಾಲಿಸಬೇಕಾದ ಕಟ್ಟಳೆಗಳಲ್ಲಿ ಎರಡು ಮುಖ್ಯ: ಒಪ್ಪಿಕೊಂಡ ಹೊಣೆಯನ್ನು ಕೈಬಿಡಬಾರದು, ದುರ್ಬಲರನ್ನು ಕಾಯಬೇಕು. ಇವೆರಡೂ ಎದುರುಬದುರಾದಾಗಲೇ ಆಟಕ್ಕೆ ಕಳೆ. ಊರಿನ ಬಾಗಿಲು ತೆರೆಯಬೇಡ ಎಂದು ಅಪ್ಪಣೆಯಾಗಿದೆ, ಹೊರಗೆ ಮಕ್ಕಳು ಅಳುತ್ತಿದ್ದಾರೆ. ಏನು ಮಾಡುತ್ತೀ ಎಂದು ಕತೆ ನಡೆಸುವವನು ಕೇಳಿದರೆ ಪೂಜಾರಿಯಾಗಿ ಕೂತವನು ತಾನೇ ಬಾಯಿಬಿಟ್ಟು ಹೇಳಬೇಕು. ಆ ತೀರ್ಮಾನವನ್ನು ದಾಳಕ್ಕೆ ಬಿಡುವಂತಿಲ್ಲ.

ಕಂಪ್ಯೂಟರ್‌ಗೆ ಬಂದಾಗ ಇದು ಸ್ವಲ್ಪ ಸಪ್ಪೆಯಾಯಿತು. 2000ದಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 2’ರಲ್ಲಿ ಅನೋಮೆನ್ ಎಂಬ ಹೆಲ್ಮ್‌ನ ಪೂಜಾರಿ ಇದ್ದಾನೆ. ವೀರಪಂಗಡವೊಂದಕ್ಕೆ ಸೇರುವ ಹಂಬಲ ಅವನದು. ಅಷ್ಟರಲ್ಲಿ ತಂಗಿಯ ಕೊಲೆಯಾಗುತ್ತದೆ. ಸೇಡು ತೀರಿಸು ಎಂದು ಅಪ್ಪ ಒತ್ತಾಯಿಸುತ್ತಾನೆ, ನ್ಯಾಯಕ್ಕೆ ಬಿಡು ಎಂದು ಪಂಗಡದ ನಿಯಮ ಹೇಳುತ್ತದೆ. ಕೈ ತಡೆದುಕೊಂಡರೆ ಅವನು ವೀರನಾಗುತ್ತಾನೆ, ವಿವೇಕದ ಅಂಕವೂ ಏರುತ್ತದೆ. ಸೇಡಿಗೆ ಹೊರಟರೆ ಪಂಗಡದ ಬಾಗಿಲು ಮುಚ್ಚಿತು. ತಂಗಿಯನ್ನು ಕಳೆದುಕೊಂಡವನ ಸಂಕಟಕ್ಕೆ ಅಂಕ ಹಾಕಿದ್ದು ನನಗೆ ಒಗ್ಗಲಿಲ್ಲ. ನಿಯಮ ಮೀರದವನಿಗೆ ವಿವೇಕ ಹೆಚ್ಚುವುದಾದರೆ ಮೆಟ್ಟಿಲ ಬಳಿ ಹೆಲ್ಮ್‌ಗೂ ಹೆಚ್ಚಬೇಕಿತ್ತಲ್ಲ!

ಮೇಜಿನ ಸುತ್ತ ಈ ಆಟ ಆಡುವ ಗುಂಪುಗಳು ಬೆಂಗಳೂರಿನಲ್ಲೂ ಇವೆ. ಪೂಜಾರಿಯ ಪಾತ್ರ ವಹಿಸಿ ಇಂಥ ಇಕ್ಕಟ್ಟಿಗೆ ಸಿಕ್ಕ ಓದುಗರಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪುಟ ಇಟ್ಟಿರುತ್ತೇವೆ.